ಲಿನಕ್ಸ್‌ನಲ್ಲಿ ಗ್ರಾಫ್ ಡೇಟಾಬೇಸ್ ಬೇಕಾ? ಮೊದಲು ನಿಮ್ಮ ಡಿಸ್ಟ್ರೋ ಒಳಗೇ ಹುಡುಕಿ

ಡೆಬಿಯನ್ ಅಥವಾ ಫೆಡೋರಾ ಥರದ ಲಿನಕ್ಸ್ ಡಿಸ್ಟ್ರೋದಲ್ಲಿ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಬೇಕು ಅಂದ್ರೆ ಒಂದು ಸಾಲು ಟೈಪ್ ಮಾಡಿದ್ರೆ ಮುಗೀತು, ಮರಿಯಾಡಿಬಿನೂ ಹಾಗೇ, ಎಸ್‌ಕ್ಯೂಲೈಟ್ ಅಂತೂ ಆಗ್ಲೇ ಒಳಗೆ ಕೂತಿರತ್ತೆ. ಅದೇ ಗ್ರಾಫ್ ಡೇಟಾಬೇಸ್ (ವಸ್ತುಗಳನ್ನ ನೋಡ್‌ಗಳಾಗಿ, ಅವುಗಳ ಮಧ್ಯದ ಸಂಬಂಧಗಳನ್ನ ಎಡ್ಜ್‌ಗಳಾಗಿ ಇಡೋ ಡೇಟಾಬೇಸ್) ಆದ ನಿಯೋಫೋರ್‌ಜೆ ಹಾಕು ಅಂದ್ರೆ ಅಂಥ ಪ್ಯಾಕೇಜೇ ಇಲ್ಲ ಅನ್ನತ್ತೆ. ಜಾನಸ್‌ಗ್ರಾಫ್, ಡಿಗ್ರಾಫ್, ಅರಾಂಗೋಡಿಬಿ, ಮೆಮ್‌ಗ್ರಾಫ್ ಯಾವ್ದು ಕೇಳಿದ್ರೂ ಅದೇ ಉತ್ತರ. ಇದನ್ನ ನೋಡಿ ಸುಮಾರು ಜನ ಡಿಸ್ಟ್ರೋಗಳಲ್ಲಿ ಗ್ರಾಫ್ ಡೇಟಾಬೇಸ್ ಸಿಗೋದೇ ಇಲ್ಲ ಅಂತ ತೀರ್ಮಾನ ಮಾಡ್ಬಿಡ್ತಾರೆ, ಆಮೇಲೆ ಕಣ್ಣಿಗೆ ಬಿದ್ದ ಮೊದಲ ಹೊರಗಿನ ರೆಪೊ (ಪ್ಯಾಕೇಜ್ ಸಂಗ್ರಹ) ಸೇರಿಸ್ಕೊಂಡು ಇಲ್ಲಾಂದ್ರೆ ಒಂದು ಕಂಟೇನರ್ ಇಮೇಜ್ ಎಳ್ಕೊಂಡು ಕೆಲಸ ಶುರು ಮಾಡ್ತಾರೆ, ಅದಕ್ಕೆ ಸೆಕ್ಯುರಿಟಿ ಪ್ಯಾಚ್ ಯಾರು ಕೊಡ್ತಾರೆ, ನಾಳೆ ಲೈಸೆನ್ಸ್ ಬದಲಾದ್ರೆ ಏನು ಗತಿ ಅಂತ ಯಾರೂ ಕೇಳಲ್ಲ.

ನನ್ನ ಪ್ರಕಾರ ಡಿಸ್ಟ್ರೋ ಒಳಗೇ ಸಿಗೋ ಸಾಮಾನು ಸಾಕಷ್ಟಿದೆ, ಹೆಸರು ಬೇರೆ ಇರೋದ್ರಿಂದ ಕಣ್ಣಿಗೆ ಬೀಳಲ್ಲ ಅಷ್ಟೇ. ಅದನ್ನ ಒಂದ್ಸಲ ಪೂರ್ತಿ ನೋಡಿ, ಸಾಲಲ್ಲ ಅಂತ ಖಾತ್ರಿಯಾದ್ಮೇಲೆ ಹೊರಗೆ ಹೋಗಿ.

ದೊಡ್ಡ ಹೆಸರುಗಳು ಯಾಕಿಲ್ಲ

ಕಾರಣ ಎರಡು. ಒಂದು, ಕಟ್ಟೋ ವಿಧಾನ. ಡೆಬಿಯನ್ ಆಗ್ಲಿ ಫೆಡೋರಾ ಆಗ್ಲಿ ಪ್ಯಾಕೇಜ್‌ನ ಸೋರ್ಸ್‌ನಿಂದಲೇ ಕಟ್ಬೇಕು, ಕಟ್ಟೋವಾಗ ಇಂಟರ್ನೆಟ್ ಮುಟ್ಟೋ ಹಾಗಿಲ್ಲ, ಬೇಕಾಗೋ ಪ್ರತಿ ಲೈಬ್ರರಿನೂ ಡಿಸ್ಟ್ರೋ ಒಳಗೇ ಪ್ಯಾಕೇಜ್ ಆಗಿರ್ಬೇಕು. ಈ ಡೇಟಾಬೇಸ್‌ಗಳಲ್ಲಿ ನಿಯೋಫೋರ್‌ಜೆ, ಜಾನಸ್‌ಗ್ರಾಫ್ ಥರದವು ಜಾವಾದಲ್ಲಿ ಬರೆದಿರೋವು, ಕಟ್ಟೋವಾಗ ಮೇವನ್ ಅನ್ನೋ ಬಿಲ್ಡ್ ಸಾಧನ ರಾಶಿ ರಾಶಿ ಜಾರ್ ಫೈಲ್ ಇಳಿಸ್ಕೊಳ್ಳತ್ತೆ, ಅವೆಲ್ಲವನ್ನೂ ಒಂದೊಂದಾಗಿ ಪ್ಯಾಕೇಜ್ ಮಾಡಿ ವರ್ಷಗಟ್ಲೆ ಸಾಕೋಕೆ ಸ್ವಯಂಸೇವಕರು ಸಿಗಲ್ಲ.

ಎರಡನೇದು ಲೈಸೆನ್ಸ್, ಇದು ಇನ್ನೂ ಮುಖ್ಯ. ನಿಯೋಫೋರ್‌ಜೆ ಕಮ್ಯುನಿಟಿ ಎಡಿಷನ್ ಈಗ್ಲೂ ಜಿಪಿಎಲ್ 3, ಆದ್ರೆ ಎಂಟರ್‌ಪ್ರೈಸ್ ಎಡಿಷನ್‌ನ ಸೋರ್ಸ್ 2018ರಲ್ಲಿ ಮುಚ್ಚಿಬಿಟ್ರು. ಮೆಮ್‌ಗ್ರಾಫ್ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ನಲ್ಲಿದೆ, ಅಂದ್ರೆ ಸೋರ್ಸ್ ಕಾಣತ್ತೆ, ಬಳಕೆಗೆ ನಿರ್ಬಂಧ ಇರತ್ತೆ. ಅರಾಂಗೋಡಿಬಿ ಮುಂಚೆ ಅಪಾಚೆ ಲೈಸೆನ್ಸ್, 3.12ರಿಂದ ಅದೂ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಹೋಯ್ತು. ರೆಡಿಸ್‌ಗ್ರಾಫ್ ನಿಲ್ಲಿಸ್ತೀವಿ ಅಂತ 2023ರಲ್ಲಿ ಘೋಷಿಸಿದ್ರು, ಅದರಿಂದ ಕವಲೊಡೆದ ಫಾಲ್ಕರ್‌ಡಿಬಿ ಎಸ್‌ಎಸ್‌ಪಿಎಲ್ ಲೈಸೆನ್ಸ್‌ನಲ್ಲಿದೆ, ಎಸ್‌ಎಸ್‌ಪಿಎಲ್ ಮುಕ್ತ ಲೈಸೆನ್ಸ್ ಅಲ್ಲ ಅಂತ ಫೆಡೋರಾ 2019ರಲ್ಲೇ ಹೇಳ್ಬಿಟ್ಟಿದೆ, ಮಾಂಗೋಡಿಬಿ ಅಲ್ಲಿಂದ ಹೊರಬಿದ್ದಿದ್ದೂ ಇದೇ ಕಾರಣಕ್ಕೆ. ಸೋರ್ಸ್ ಗಿಟ್‌ಹಬ್‌ನಲ್ಲಿ ಕಾಣತ್ತೆ ಅಂದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗಲ್ಲ, ಡಿಸ್ಟ್ರೋದವರು ಈ ವಿಷಯದಲ್ಲಿ ಹಿಡಿದಿರೋ ಹಟ ನಮ್ಮ ಒಳ್ಳೇದಕ್ಕೇ.

ಹುಡುಕೋದು ಹೇಗೆ

ಡೆಬಿಯನ್, ಉಬುಂಟುಲಿ ಆಪ್ಟ್ ಸರ್ಚ್, ಫೆಡೋರಾದಲ್ಲಿ ಡಿಎನ್‌ಎಫ್ ಸರ್ಚ್, ಓಪನ್‌ಸೂಸೆಲಿ ಝಿಪ್ಪರ್ ಸರ್ಚ್, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್‌ಗೆ ದೊಡ್ಡಕ್ಷರ ಎಸ್, ಚಿಕ್ಕಕ್ಷರ ಎಸ್ ಕೊಡೋದು, ಇದು ಎಲ್ರಿಗೂ ಗೊತ್ತು. ಆದ್ರೆ ‘ಗ್ರಾಫ್’ ಅಂತ ಹುಡುಕಿದ್ರೆ ಚಾರ್ಟ್ ಬಿಡಿಸೋ ಸಾಫ್ಟ್‌ವೇರ್, ಗ್ರಾಫ್‌ವಿಜ್, ಗ್ರಾಫಿಕ್ಸ್ ಲೈಬ್ರರಿ ಎಲ್ಲಾ ಸೇರಿ ಪುಟಗಟ್ಲೆ ಬರತ್ತೆ, ಅದ್ರಲ್ಲಿ ನಿಮಗೆ ಬೇಕಾಗಿದ್ದು ಮುಚ್ಚಿಹೋಗತ್ತೆ. ಹಾಗಾಗಿ ಹುಡುಕೋ ಪದ ಬದಲಾಯ್ಸಿ. ಆರ್‌ಡಿಎಫ್ (ಡೇಟಾನ ಕರ್ತೃ, ಸಂಬಂಧ, ಕರ್ಮ ಅನ್ನೋ ಮೂರು ಭಾಗದ ಟ್ರಿಪಲ್‌ಗಳಾಗಿ ಬರೆಯೋ ವಿಧಾನ), ಸ್ಪಾರ್ಕಲ್ (ಅದಕ್ಕಿರೋ ಕ್ವೆರಿ ಭಾಷೆ), ಟ್ರಿಪಲ್, ಸೈಫರ್ (ನಿಯೋಫೋರ್‌ಜೆ ಬಳಸೋ ಗ್ರಾಫ್ ಕ್ವೆರಿ ಭಾಷೆ), ಏಜ್, ಓಕ್ಯೂಗ್ರಾಫ್, ಪಿಜಿರೌಟಿಂಗ್ (ಪೋಸ್ಟ್‌ಗ್ರೆಸ್‌ನಲ್ಲಿ ದಾರಿ ಹುಡುಕೋ ಎಕ್ಸ್‌ಟೆನ್ಷನ್), ಇವುಗಳನ್ನ ಒಂದೊಂದಾಗಿ ಕೊಟ್ಟು ನೋಡಿ, ಆಗ ನಿಜವಾದ ಪಟ್ಟಿ ಸಿಗತ್ತೆ. ಒಂದೇ ಸಾಫ್ಟ್‌ವೇರ್ ಯಾವ ಯಾವ ಡಿಸ್ಟ್ರೋದಲ್ಲಿ ಯಾವ ಆವೃತ್ತಿ ಇದೆ ಅಂತ ಹೋಲಿಸೋಕೆ ರೆಪಾಲಜಿ ಅನ್ನೋ ಸೈಟ್ ಇದೆ, ತುಂಬಾ ಉಪಯೋಗ.

ಪ್ಯಾಕೇಜ್ ಸಿಕ್ತು ಅಂದಾಗ ಅದು ಎಲ್ಲಿಂದ ಬರ್ತಿದೆ ಅಂತಲೂ ನೋಡ್ಕೊಳ್ಳಿ. ಆಪ್ಟ್ ಪಾಲಿಸಿ ಅಂತ ಹಾಕಿ ಮುಂದೆ ಪ್ಯಾಕೇಜ್ ಹೆಸರು ಕೊಟ್ರೆ ಡಿಸ್ಟ್ರೋದ ಮುಖ್ಯ ಭಾಗವಾದ ಮೇನ್‌ನಿಂದ ಬರ್ತಿದ್ಯಾ ಹೊರಗಿನ ರೆಪೊದಿಂದಲಾ ಅಂತ ಸ್ಪಷ್ಟವಾಗಿ ತೋರಿಸತ್ತೆ. ಉಬುಂಟುಲಿ ಇಂಥವು ಹೆಚ್ಚಾಗಿ ಯೂನಿವರ್ಸ್ ಭಾಗದಲ್ಲಿರತ್ತೆ, ಅದನ್ನ ನೋಡ್ಕೊಳ್ಳೋದು ಸಮುದಾಯ, ಹಾಗಾಗಿ ಮೇನ್‌ನಲ್ಲಿರೋ ಪ್ಯಾಕೇಜ್‌ಗೆ ಸಿಗೋ ಅದೇ ವೇಗದ ಪ್ಯಾಚ್ ಇದಕ್ಕೂ ಸಿಗತ್ತೆ ಅಂತ ಅಂದ್ಕೋಬೇಡಿ.

ಪ್ರಯೋಗಕ್ಕೆ ಡೇಟಾ ನಿಮ್ಮ ಮಷೀನ್‌ನಲ್ಲೇ ಇದೆ

ಸುಮ್ನೆ ಸಿನಿಮಾ ನಟರ ಉದಾಹರಣೆ ಡೇಟಾ ತಗೊಂಡು ಪರೀಕ್ಷೆ ಮಾಡೋದಕ್ಕಿಂತ ನಿಮ್ಮ ಮಷೀನ್‌ನ ಪ್ಯಾಕೇಜ್ ಡಿಪೆಂಡೆನ್ಸಿಗಳನ್ನೇ ಗ್ರಾಫ್ ಮಾಡಿ. ಪ್ರತಿ ಪ್ಯಾಕೇಜ್ ಒಂದು ನೋಡ್, ಯಾವ್ದಕ್ಕೆ ಯಾವ್ದು ಬೇಕು ಅನ್ನೋದು ಎಡ್ಜ್. ಡೆಬಿಯನ್‌ನಲ್ಲಿ ಡಿಪಿಕೆಜಿ ಕ್ವೆರಿಗೆ ಶೋ ಆಯ್ಕೆ ಕೊಟ್ಟು ಫಾರ್ಮ್ಯಾಟ್‌ನಲ್ಲಿ ಪ್ಯಾಕೇಜ್ ಮತ್ತೆ ಡಿಪೆಂಡ್ಸ್ ಅನ್ನೋ ಎರಡು ಫೀಲ್ಡ್ ಹೇಳಿದ್ರೆ ಪೂರ್ತಿ ಪಟ್ಟಿ ಬರತ್ತೆ, ಅದ್ರಲ್ಲಿ ಬ್ರಾಕೆಟ್ ಒಳಗಿರೋ ಆವೃತ್ತಿ ಷರತ್ತು ಕಿತ್ತಾಕಿ, ಉದ್ದಗೆರೆ ಹಾಕಿ ಕೊಟ್ಟಿರೋ ಪರ್ಯಾಯಗಳಲ್ಲಿ ಮೊದಲನೇದನ್ನ ಮಾತ್ರ ಇಟ್ಕೊಂಡು ಎರಡು ಕಾಲಂನ ಸಿಎಸ್‌ವಿ ಮಾಡ್ಕೊಳ್ಳಿ. ಫೆಡೋರಾದಲ್ಲಿ ಆರ್‌ಪಿಎಂ ನೇರವಾಗಿ ಪ್ಯಾಕೇಜ್ ಹೆಸರು ಕೊಡಲ್ಲ, ಲೈಬ್ರರಿ ಫೈಲ್ ಹೆಸರಿನ ಥರದ್ದು ಕೊಡತ್ತೆ, ಅದಕ್ಕೆ ಡಿಎನ್‌ಎಫ್ ರೆಪೊಕ್ವೆರಿಲಿ ಪ್ರೊವೈಡರ್ಸ್ ಆಫ್ ಆಯ್ಕೆಗೆ ರಿಕ್ವೈರ್ಸ್ ಅಂತ ಕೊಡ್ಬೇಕು (ಡಿಎನ್‌ಎಫ್ 5ಕ್ಕಿಂತ ಹಳೇದ್ರಲ್ಲಿ ರಿಕ್ವೈರ್ಸ್ ಜೊತೆಗೆ ರಿಸಾಲ್ವ್).

ಈ ಡೇಟಾದ ಚೆಂದ ಏನಂದ್ರೆ ಇದ್ರಲ್ಲಿ ನಿಜವಾದ ಸುತ್ತುಗಳಿವೆ. ಡೆಬಿಯನ್ 12ರಲ್ಲಿ ಲಿಬ್‌ಸಿ6ಗೆ ಲಿಬ್‌ಜಿಸಿಸಿ ಬೇಕು, ಲಿಬ್‌ಜಿಸಿಸಿಗೆ ಲಿಬ್‌ಸಿ6 ಬೇಕು. ಗ್ರಾಫ್ ಕ್ವೆರಿ ಸರಿಯಾಗಿ ಬರೆದಿದ್ದೀರಾ ಇಲ್ವಾ ಅನ್ನೋದು ಇಲ್ಲೇ ಗೊತ್ತಾಗತ್ತೆ.

ಗ್ರಾಫ್ ಡೇಟಾಬೇಸ್ ಇಲ್ದೇನೇ ಎಷ್ಟು ದೂರ ಹೋಗಬಹುದು

ಎಸ್‌ಕ್ಯೂಲೈಟ್ 3.8.3ರಿಂದ, ಪೋಸ್ಟ್‌ಗ್ರೆಸ್ 8.4ರಿಂದ ವಿತ್ ರಿಕರ್ಸಿವ್ (ತನ್ನ ಉತ್ತರವನ್ನೇ ಮತ್ತೆ ತಗೊಂಡು ಮುಂದುವರಿಯೋ ಕ್ವೆರಿ) ಇದೆ. ಎಡ್ಜ್‌ಗಳ ಒಂದು ಟೇಬಲ್, ಒಂದು ರಿಕರ್ಸಿವ್ ಕ್ವೆರಿ, ಇಷ್ಟ್ರಲ್ಲೇ ‘ಈ ಪ್ಯಾಕೇಜ್ ತೆಗೆದ್ರೆ ಏನೇನು ಮುರೀತದೆ’ ಅನ್ನೋ ಪ್ರಶ್ನೆಗೆ ಉತ್ತರ ಸಿಗತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ನಿಧಾನವಾಗಿ ನೋಡಿ. ರಿಕರ್ಸಿವ್ ಕ್ವೆರಿಯ ಎರಡು ಭಾಗ ಸೇರಿಸೋವಾಗ ಯೂನಿಯನ್ ಆಲ್ ಹಾಕಿದ್ರೆ ಮೇಲೆ ಹೇಳಿದ ಲಿಬ್‌ಸಿ ಸುತ್ತಿಗೆ ಸಿಕ್ಕಿ ಕ್ವೆರಿ ನಿಲ್ಲೋದೇ ಇಲ್ಲ. ಬರೀ ಯೂನಿಯನ್ ಹಾಕಿದ್ರೆ ಆಗ್ಲೇ ಬಂದಿರೋ ಸಾಲು ಮತ್ತೆ ಸೇರಲ್ಲ, ನಿಲ್ಲತ್ತೆ. ಆದ್ರೆ ಎಷ್ಟು ಹೆಜ್ಜೆ ದೂರ ಅಂತ ತಿಳ್ಕೊಳ್ಳೋಕೆ ಆಳದ ಒಂದು ಕಾಲಂ ಸೇರಿಸಿದ ತಕ್ಷಣ ಪ್ರತಿ ಸುತ್ತಲ್ಲೂ ಆ ಸಂಖ್ಯೆ ಹೆಚ್ಚಾಗ್ತಾ ಹೋಗತ್ತೆ, ಸಾಲುಗಳು ಒಂದಕ್ಕೊಂದು ಬೇರೆ ಅನ್ನಿಸ್ಕೊಳ್ಳತ್ತೆ, ಮತ್ತೆ ಅನಂತ ಸುತ್ತು. ಆಗ ಆಳಕ್ಕೆ ಒಂದು ಮಿತಿ ಹಾಕಿ, ಇಲ್ಲ ಪೋಸ್ಟ್‌ಗ್ರೆಸ್ 14ರಿಂದ ಬಂದಿರೋ ಸೈಕಲ್ ಅನ್ನೋ ಕ್ಲಾಸ್ (clause) ಬಳಸಿ, ಸುತ್ತು ಸಿಕ್ಕಿದ ಕಡೆ ಅದೇ ಗುರುತು ಹಾಕಿ ನಿಲ್ಲಿಸತ್ತೆ. ಎರಡೂ ಕಡೆ ಇಂಡೆಕ್ಸ್ ಹಾಕೋದು ಮರೀಬೇಡಿ, ಹೊರಡೋ ನೋಡ್ ಮೇಲೆ ಒಂದು, ತಲುಪೋ ನೋಡ್ ಮೇಲೆ ಇನ್ನೊಂದು, ಇಲ್ಲಾಂದ್ರೆ ಹಿಮ್ಮುಖವಾಗಿ ಹುಡುಕೋವಾಗ ಪ್ರತಿ ಹೆಜ್ಜೆಗೂ ಪೂರ್ತಿ ಟೇಬಲ್ ಓದತ್ತೆ.

ಮರಿಯಾಡಿಬಿ ಒಳಗಿರೋ ಓಕ್ಯೂಗ್ರಾಫ್

ಇದು ಬಹಳ ಜನಕ್ಕೆ ಗೊತ್ತೇ ಇಲ್ಲ, ನನಗೆ ತುಂಬಾ ಇಷ್ಟವಾದ ಪ್ಯಾಕೇಜ್ ಇದು. ಡೆಬಿಯನ್‌ನಲ್ಲಿ ಮರಿಯಾಡಿಬಿ ಪ್ಲಗಿನ್ ಓಕ್ಯೂಗ್ರಾಫ್, ಫೆಡೋರಾದಲ್ಲಿ ಮರಿಯಾಡಿಬಿ ಓಕ್ಯೂಗ್ರಾಫ್ ಇಂಜಿನ್ ಅನ್ನೋ ಹೆಸರಲ್ಲಿ ಅಧಿಕೃತ ರೆಪೊದಲ್ಲೇ ಬಂದಿದೆ. ಇದು ಡೇಟಾನ ತಾನು ಇಟ್ಕೊಳ್ಳಲ್ಲ, ನಿಮ್ಮ ಮಾಮೂಲಿ ಟೇಬಲ್ ಮೇಲೆ ಕೂತು ಅದನ್ನ ಗ್ರಾಫ್ ಥರ ಓದತ್ತೆ, ಒಳಗೆ ಲೆಕ್ಕ ಮಾಡೋದು ಬೂಸ್ಟ್ ಗ್ರಾಫ್ ಲೈಬ್ರರಿ.

ಮಾಡೋ ಕ್ರಮ ಹೀಗೆ. ಮೊದಲು ಹೊರಡೋ ಐಡಿ, ತಲುಪೋ ಐಡಿ ಇರೋ ಒಂದು ಸಾಮಾನ್ಯ ಟೇಬಲ್ ಮಾಡಿ, ಎರಡೂ ಸೇರಿ ಪ್ರೈಮರಿ ಕೀ, ತಲುಪೋದಕ್ಕೆ ಬೇರೆ ಇಂಡೆಕ್ಸ್. ಐಡಿಗಳು ಪೂರ್ಣಾಂಕಗಳಾಗಿರ್ಬೇಕು, ನಲ್ ಇರಬಾರದು, ಹಾಗಾಗಿ ಪ್ಯಾಕೇಜ್ ಹೆಸರಿಗೆ ಒಂದೊಂದು ನಂಬರ್ ಕೊಟ್ಟು ಇನ್ನೊಂದು ಟೇಬಲ್‌ನಲ್ಲಿ ಇಟ್ಕೊಳ್ಳಿ. ಆಮೇಲೆ ಓಕ್ಯೂಗ್ರಾಫ್ ಇಂಜಿನ್ ಹಾಕಿ ಎರಡನೇ ಟೇಬಲ್ ಸೃಷ್ಟಿಸಿ, ಅದ್ರಲ್ಲಿ ಲ್ಯಾಚ್, ಒರಿಗ್‌ಐಡಿ, ಡೆಸ್ಟ್‌ಐಡಿ, ವೇಟ್, ಸೀಕ್ವೆನ್ಸ್, ಲಿಂಕ್‌ಐಡಿ ಅನ್ನೋ ನಿಗದಿಯಾದ ಕಾಲಂಗಳೇ ಇರ್ಬೇಕು, ಹೆಸರುಗಳ ನಿಖರ ಕಾಗುಣಿತ ಮರಿಯಾಡಿಬಿ ಡಾಕ್ಯುಮೆಂಟೇಷನ್‌ನಲ್ಲಿದೆ, ಅಲ್ಲಿಂದಲೇ ಕಾಪಿ ಮಾಡ್ಕೊಳ್ಳಿ. ಈಗ ಲ್ಯಾಚ್ ಕಾಲಂ ಡೈಕ್‌ಸ್ಟ್ರಾಸ್ (ಹತ್ತಿರದ ದಾರಿ ಹುಡುಕೋ ಅಲ್ಗಾರಿದಮ್) ಅಂತ, ಹೊರಡೋದು ಇಂಥದ್ದು, ತಲುಪೋದು ಇಂಥದ್ದು ಅಂತ ವೇರ್ ಷರತ್ತಿನಲ್ಲಿ ಹೇಳಿ ಸೆಲೆಕ್ಟ್ ಮಾಡಿದ್ರೆ ಅತಿ ಹತ್ತಿರದ ದಾರಿ ಹೆಜ್ಜೆ ಹೆಜ್ಜೆಯಾಗಿ ಸಾಲುಗಳಲ್ಲಿ ಬರತ್ತೆ, ಲಿಂಕ್‌ಐಡಿಲಿ ಆ ಹೆಜ್ಜೆಯ ನೋಡ್ ಇರತ್ತೆ. ರಿಕರ್ಸಿವ್ ಕ್ವೆರಿಲಿ ಇದನ್ನೇ ಬರೆಯೋಕೆ ಹೋದ್ರೆ ಎಷ್ಟು ಉದ್ದ ಆಗತ್ತೆ ಅಂತ ಒಮ್ಮೆ ಪ್ರಯತ್ನಿಸಿ ನೋಡಿ. ಮಿತಿ ಏನಂದ್ರೆ ಎಡ್ಜ್‌ಗೆ ವೇಟ್ ಬಿಟ್ಟು ಬೇರೆ ಗುಣಗಳು, ಬೇರೆ ಬೇರೆ ಬಗೆಯ ಎಡ್ಜ್, ಇಂಥದ್ದೇನೂ ಇಲ್ಲಿಲ್ಲ, ಅದಕ್ಕೆ ಜಾಯಿನ್ ಮಾಡ್ಕೋಬೇಕು.

ಸೈಫರ್ ಬೇಕೇ ಬೇಕು ಅಂದ್ರೆ ಅಪಾಚೆ ಏಜ್

ನೋಡ್, ಎಡ್ಜ್, ಗುಣಗಳು, ಪ್ಯಾಟರ್ನ್ ಬರೆದು ಹುಡುಕೋದು, ಇದೆಲ್ಲ ಇದ್ದು ಲೈಸೆನ್ಸ್‌ನೂ ಮುಕ್ತವಾಗಿರೋದು ಬೇಕಾದ್ರೆ ನಾನು ಮೊದಲು ಹೇಳೋ ಹೆಸರು ಅಪಾಚೆ ಏಜ್. ಇದು ಪೋಸ್ಟ್‌ಗ್ರೆಸ್‌ಗೆ ಹಾಕೋ ಎಕ್ಸ್‌ಟೆನ್ಷನ್, ಅಪಾಚೆ 2.0 ಲೈಸೆನ್ಸ್, 2022ರಲ್ಲಿ ಅಪಾಚೆ ಫೌಂಡೇಷನ್‌ನ ಪೂರ್ಣ ಪ್ರಮಾಣದ ಪ್ರಾಜೆಕ್ಟ್ ಆಯ್ತು. ನಿಮ್ಮ ಡಿಸ್ಟ್ರೋದಲ್ಲಿ ಪೋಸ್ಟ್‌ಗ್ರೆಸ್ಕ್ಯೂಎಲ್, ಆವೃತ್ತಿ ಸಂಖ್ಯೆ, ಏಜ್, ಇವು ಹೈಫನ್‌ನಿಂದ ಸೇರಿರೋ ಹೆಸರಿನ ಪ್ಯಾಕೇಜ್ ಇದ್ಯಾ ಅಂತ ಮೊದಲು ಹುಡುಕಿ. ಇಲ್ದಿದ್ರೆ ಪೋಸ್ಟ್‌ಗ್ರೆಸ್‌ನವರದ್ದೇ ಆದ ಪಿಜಿಡಿಜಿ ರೆಪೊದಲ್ಲಿ ಸಿಗತ್ತೆ. ಆ ರೆಪೊ ಸೇರಿಸೋ ಸ್ಕ್ರಿಪ್ಟ್ ಡೆಬಿಯನ್‌ನ ಪೋಸ್ಟ್‌ಗ್ರೆಸ್ಕ್ಯೂಎಲ್ ಕಾಮನ್ ಪ್ಯಾಕೇಜ್ ಒಳಗೇ ಬರತ್ತೆ, ಯೂಸರ್ ಶೇರ್ ಡೈರೆಕ್ಟರಿಲಿ ಆ ಪ್ಯಾಕೇಜ್ ಹೆಸರಿನ ಕೆಳಗೆ ಪಿಜಿಡಿಜಿ ಅಂತ ಇರತ್ತೆ ನೋಡಿ, ಅಂದ್ರೆ ಎಲ್ಲೋ ಸಿಕ್ಕಿದ ಸಾಲನ್ನ ರೂಟ್ ಆಗಿ ಓಡಿಸೋ ಅಗತ್ಯ ಇಲ್ಲ. ರೆಡಿ ಪ್ಯಾಕೇಜ್ ಸಿಗದ ಡಿಸ್ಟ್ರೋದಲ್ಲಿ ಸೋರ್ಸ್‌ನಿಂದ ಕಟ್ಟೋದೂ ಕಷ್ಟ ಅಲ್ಲ, ಪೋಸ್ಟ್‌ಗ್ರೆಸ್ ಸರ್ವರ್‌ನ ಡೆವಲಪ್‌ಮೆಂಟ್ ಪ್ಯಾಕೇಜ್, ಫ್ಲೆಕ್ಸ್, ಬೈಸನ್, ಸಿ ಕಂಪೈಲರ್ ಇದ್ರೆ ಮೇಕ್ ಹೊಡೆದ್ರಾಯ್ತು. ನಿಕ್ಸ್‌ಒಎಸ್‌ನವರಿಗಂತೂ ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಷನ್ ಪಟ್ಟಿಲೇ ಏಜ್ ಇದೆ.

ಹಾಕಿದ್ಮೇಲೆ ಡೇಟಾಬೇಸ್ ಒಳಗೆ ಎಕ್ಸ್‌ಟೆನ್ಷನ್ ಕ್ರಿಯೇಟ್ ಮಾಡಿ, ಲೋಡ್ ಏಜ್ ಕೊಡಿ, ಸರ್ಚ್ ಪಾತ್‌ಗೆ ಏಜಿ ಕೆಟಲಾಗ್ ಸೇರಿಸಿ, ಕ್ರಿಯೇಟ್ ಗ್ರಾಫ್ ಫಂಕ್ಷನ್ ಕರೆದು ಗ್ರಾಫ್‌ಗೆ ಹೆಸರು ಕೊಡಿ. ಇಲ್ಲಿ ಹೊಸಬರು ಸಿಕ್ಕಾಕ್ಕೊಳ್ಳೋ ಜಾಗ ಒಂದೇ: ಲೋಡ್ ಅನ್ನೋದು ಪ್ರತಿ ಸೆಷನ್‌ಗೂ ಬೇಕು. ಇವತ್ತು ಎಲ್ಲಾ ಚೆನ್ನಾಗಿ ನಡೆದಿರತ್ತೆ, ನಾಳೆ ಹೊಸ ಕನೆಕ್ಷನ್ ತೆಗೆದು ಅದೇ ಕ್ವೆರಿ ಓಡಿಸಿದ್ರೆ ಅನ್‌ಹ್ಯಾಂಡಲ್ಡ್ ಸೈಫರ್ ಫಂಕ್ಷನ್ ಕಾಲ್ ಅಂತ ಎರರ್ ಬರತ್ತೆ, ಡೇಟಾ ಕೆಟ್ಟೋಯ್ತು ಅಂತ ಗಾಬರಿ ಬೀಳ್ಬೇಡಿ, ಲೋಡ್ ಆಗಿಲ್ಲ ಅಷ್ಟೇ. ಪೋಸ್ಟ್‌ಗ್ರೆಸ್ ಕಾನ್ಫಿಗ್ ಫೈಲ್‌ನಲ್ಲಿ ಸೆಷನ್ ಪ್ರೀಲೋಡ್ ಲೈಬ್ರರೀಸ್‌ಗೆ ಏಜ್ ಸೇರಿಸಿದ್ರೆ ಆ ತಲೆನೋವು ಹೋಗತ್ತೆ.

ಸೈಫರ್ ಕ್ವೆರಿನ ಸೈಫರ್ ಅನ್ನೋ ಫಂಕ್ಷನ್ ಒಳಗೆ ಎರಡೆರಡು ಡಾಲರ್ ಗುರುತಿನ ಮಧ್ಯೆ ಬರೀಬೇಕು, ಹೊರಗೆ ಬರೋ ಪ್ರತಿ ಕಾಲಂಗೂ ಏಜ್‌ನದ್ದೇ ಡೇಟಾ ಟೈಪ್ ಆದ ಏಜಿಟೈಪ್ ಅಂತ ಹೇಳ್ಬೇಕು. ‘ಈ ಪ್ಯಾಕೇಜ್‌ನಿಂದ ಒಂದರಿಂದ ಐದು ಹೆಜ್ಜೆ ಒಳಗೆ ಏನೇನಿದೆ’ ಅನ್ನೋದು ಒಂದೇ ಸಾಲಿನ ಮ್ಯಾಚ್ ಆಗತ್ತೆ. ಪ್ರತಿ ಲೇಬಲ್ ಒಳಗಡೆ ಒಂದು ಪೋಸ್ಟ್‌ಗ್ರೆಸ್ ಟೇಬಲ್ಲೇ, ಹಾಗಾಗಿ ಪ್ರಾಪರ್ಟೀಸ್ ಕಾಲಂ ಮೇಲೆ ಜಿನ್ ಇಂಡೆಕ್ಸ್ ನೀವೇ ಹಾಕ್ಕೋಬೇಕು, ಅದು ತಾನಾಗಿ ಬರಲ್ಲ, ಹಾಕದೇ ‘ನಿಧಾನ ಇದೆ’ ಅಂತ ಬಯ್ಯೋರು ಜಾಸ್ತಿ. ಸಾವಿರಾರು ನೋಡ್‌ಗಳನ್ನ ಒಂದೊಂದೇ ಕ್ರಿಯೇಟ್ ಮಾಡೋದು ಬಿಟ್ಟು ಸಿಎಸ್‌ವಿಯಿಂದ ಲೋಡ್ ಮಾಡೋ ಫಂಕ್ಷನ್‌ಗಳು ಏಜ್‌ನಲ್ಲೇ ಇವೆ, ನೋಡ್‌ಗೆ ಒಂದು, ಎಡ್ಜ್‌ಗೆ ಒಂದು, ಅದನ್ನೇ ಬಳಸಿ.

ಆರ್‌ಡಿಎಫ್ ಕಡೆಯವರಿಗೆ ಡಿಸ್ಟ್ರೋದಲ್ಲಿ ಜಾಗ ಜಾಸ್ತಿ

ಗ್ರಾಫ್ ಅಂದ್ರೆ ಬರೀ ಸೈಫರ್ ಅಲ್ವಲ್ಲ. ಟ್ರಿಪಲ್‌ಗಳಾಗಿ ಡೇಟಾ ಇಡೋದಾದ್ರೆ ವರ್ಚುಯೋಸೊದ ಓಪನ್ ಸೋರ್ಸ್ ಆವೃತ್ತಿ ಡೆಬಿಯನ್‌ನ ಹಲವು ಬಿಡುಗಡೆಗಳಲ್ಲಿ ಬಂದಿದೆ, ಜಿಪಿಎಲ್ 2, ವಿಕಿಪೀಡಿಯ ಮಾಹಿತಿನ ಟ್ರಿಪಲ್ ಮಾಡಿ ಕೊಡೋ ಡಿಬಿಪೀಡಿಯಾದ ಸಾರ್ವಜನಿಕ ಸ್ಪಾರ್ಕಲ್ ಸೇವೆ ನಡೆಯೋದೂ ಇದ್ರ ಮೇಲೇ. ಒಂದು ಕಾಲದಲ್ಲಿ ಕೆಡಿಇ ಡೆಸ್ಕ್‌ಟಾಪ್‌ನ ಫೈಲ್ ಹುಡುಕೋ ವ್ಯವಸ್ಥೆ ನೆಪೊಮುಕ್ ಇದನ್ನ ಕೆಡಿಇ ಬಳಸೋರ ಮಷೀನ್‌ಗೆ ತಂದಿಟ್ಟಿತ್ತು, 2014ರಲ್ಲಿ ಅದರ ಜಾಗಕ್ಕೆ ಬಾಲೂ ಬಂದ್ಮೇಲೆ ಹೋಯ್ತು. ಹಾಕಿದ್ರೆ ವೆಬ್ ಮುಖ 8890 ಪೋರ್ಟ್‌ನಲ್ಲಿ, ಎಸ್‌ಕ್ಯೂಎಲ್ ಮುಖ 1111ರಲ್ಲಿ ಸಿಗತ್ತೆ. ಅಡ್ಮಿನ್ ಪಾಸ್‌ವರ್ಡ್ ಮೊದಲು ಬದಲಾಯ್ಸಿ.

ಸಣ್ಣ ಕೆಲಸಕ್ಕೆ ಸರ್ವರ್ ಕೂಡ ಬೇಡ. ರಾಪ್ಟರ್ ಮತ್ತೆ ರಸ್ಕಲ್ ಅನ್ನೋ ಪ್ಯಾಕೇಜ್‌ಗಳು ಡೆಬಿಯನ್, ಫೆಡೋರಾ ಎರಡ್ರಲ್ಲೂ ಇವೆ, ರಾಪ್ಟರ್ ಜೊತೆ ಬರೋ ರಾಪರ್ ಕಮಾಂಡ್ ಆರ್‌ಡಿಎಫ್ ಫೈಲ್‌ನ ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸತ್ತೆ, ಟ್ರಿಪಲ್ ಎಷ್ಟಿದೆ ಅಂತ ಎಣಿಸತ್ತೆ, ರಸ್ಕಲ್‌ನ ರೋಕೆಟ್ ನೇರ ಫೈಲ್ ಮೇಲೇ ಸ್ಪಾರ್ಕಲ್ ಓಡಿಸತ್ತೆ. ಪೈಥಾನ್ ಬಳಸೋರಿಗೆ ಆರ್‌ಡಿಎಫ್‌ಲಿಬ್ ಕೂಡ ರೆಪೊದಲ್ಲೇ ಇದೆ.

ಮತ್ತೆ ನೀವು ಗ್ನೋಮ್ ಬಳಸ್ತಿದ್ರೆ ಒಂದು ಗ್ರಾಫ್ ಡೇಟಾಬೇಸ್ ಈಗಾಗ್ಲೇ ನಿಮ್ಮ ಮಷೀನ್‌ನಲ್ಲಿ ಇರೋ ಸಾಧ್ಯತೆ ಜಾಸ್ತಿ. ಫೈಲ್ ಹುಡುಕೋಕೆ ಗ್ನೋಮ್ ಬಳಸೋ ಟ್ರ್ಯಾಕರ್, ಈಗಿನ ಹೆಸರು ಟೈನಿಸ್ಪಾರ್ಕಲ್, ಎಸ್‌ಕ್ಯೂಲೈಟ್ ಮೇಲೆ ಕಟ್ಟಿರೋ ಒಂದು ಟ್ರಿಪಲ್ ಸ್ಟೋರ್. ನಿಮ್ಮ ಹಾಡು, ಫೋಟೊ, ಡಾಕ್ಯುಮೆಂಟ್ ವಿವರ ಎಲ್ಲಾ ಅದ್ರಲ್ಲಿ ಟ್ರಿಪಲ್ ಆಗಿ ಕೂತಿದೆ, ಟರ್ಮಿನಲ್‌ನಿಂದ ಸ್ಪಾರ್ಕಲ್ ಕೇಳಿದ್ರೆ ಉತ್ತರ ಕೊಡತ್ತೆ. ಸ್ಪಾರ್ಕಲ್ ಕಲಿಯೋಕೆ ಇದಕ್ಕಿಂತ ಸುಲಭದ ಜಾಗ ನನಗೆ ಕಾಣಲ್ಲ.

ಜೀನಾ ಫ್ಯುಸೆಕಿ ಅನ್ನೋ ಸ್ಪಾರ್ಕಲ್ ಸರ್ವರ್ ಬೇಕಾದ್ರೆ ಅಪಾಚೆ ಸೈಟ್‌ನಿಂದ ಇಳಿಸಿ ಬಿಚ್ಚಿದ್ರೆ ಸಾಕು, 3030 ಪೋರ್ಟ್‌ನಲ್ಲಿ ಓಡತ್ತೆ, ಜೀನಾ 5ಕ್ಕೆ ಜಾವಾ 17 ಬೇಕು. ರಸ್ಟ್‌ನಲ್ಲಿ ಬರೆದಿರೋ ಆಕ್ಸಿಗ್ರಾಫ್ ಅನ್ನೋ ಟ್ರಿಪಲ್ ಸ್ಟೋರ್ ಹಗುರವಾಗಿದೆ, ಕಾರ್ಗೋ ಇಂದ ಇಲ್ಲ ಪಿಪ್‌ನಿಂದ ಬರತ್ತೆ.

ನಿಯೋಫೋರ್‌ಜೆನೇ ಬೇಕು ಅಂದ್ರೆ

ಕೆಲವು ಸಲ ಬೇಕೇ ಆಗತ್ತೆ, ತಪ್ಪೇನಿಲ್ಲ, ಕಲಿಯೋ ಸಾಮಗ್ರಿ ಅದಕ್ಕೇ ಜಾಸ್ತಿ. ಅವರದ್ದೇ ಆಪ್ಟ್ ರೆಪೊ, ಯಮ್ ರೆಪೊ ಇದೆ. ಕೀ ಫೈಲ್‌ನ ಆಪ್ಟ್ ಕೀರಿಂಗ್ಸ್ ಡೈರೆಕ್ಟರಿಲಿ ಇಟ್ಟು ಸೋರ್ಸ್ ಸಾಲಲ್ಲಿ ಸೈನ್ಡ್ ಬೈ ಅಂತ ಅದನ್ನೇ ತೋರಿಸಿ, ಆಗ ಆ ಕೀ ಬೇರೆ ರೆಪೊಗಳಿಗೆ ಅನ್ವಯ ಆಗಲ್ಲ. ಹಳೇ ಗೈಡ್‌ಗಳಲ್ಲಿರೋ ಆಪ್ಟ್ ಕೀ ಕಮಾಂಡ್ ಬಳಸ್ಬೇಡಿ.

ಹಾಕೋಕೂ ಮುಂಚೆ ಜಾವಾ ಆವೃತ್ತಿ ನೋಡಿ, ಅರ್ಧ ತೊಂದರೆ ಬರೋದು ಅಲ್ಲೇ. ನಿಯೋಫೋರ್‌ಜೆ 5ಕ್ಕೆ ಜಾವಾ 17 ಸಾಕು. 2025ರ ಜನವರಿಯಿಂದ ಅವರು ಆವೃತ್ತಿಗೆ ವರ್ಷ ತಿಂಗಳ ಹೆಸರು ಕೊಡೋಕೆ ಶುರು ಮಾಡಿದ್ರು, ಅವಕ್ಕೆ ಜಾವಾ 21 ಬೇಕು. ಡೆಬಿಯನ್ 12ರಲ್ಲಿ ಬರೋದು ಓಪನ್‌ಜೆಡಿಕೆ 17, ಹಾಗಾಗಿ ಅಲ್ಲಿ ಲೇಟೆಸ್ಟ್ ಚಾನೆಲ್ ಸೇರಿಸಿದ್ರೆ ಡಿಪೆಂಡೆನ್ಸಿ ಸಿಗದೆ ನಿಂತೋಗತ್ತೆ, 5ರ ಚಾನೆಲ್ ಆರಿಸ್ಕೊಳ್ಳಿ, 5.26 ದೀರ್ಘ ಬೆಂಬಲದ ಆವೃತ್ತಿ. ಡೆಬಿಯನ್ 13ರಲ್ಲಿ 21 ಇದೆ, ತೊಂದ್ರೆ ಇಲ್ಲ. ಹಾಕಿದ್ಮೇಲೆ ಆಪ್ಟ್ ಮಾರ್ಕ್ ಹೋಲ್ಡ್ ಮಾಡಿಡಿ, ಡೇಟಾಬೇಸ್ ತಾನಾಗೇ ಅಪ್‌ಗ್ರೇಡ್ ಆಗೋದು ಒಳ್ಳೇದಲ್ಲ.

ಸಾಧ್ಯವಾದಷ್ಟು ಪ್ಯಾಕೇಜ್‌ನಿಂದಲೇ ಹಾಕಿ, ಟಾರ್ ಫೈಲ್ ಬಿಚ್ಚಿ ಓಡಿಸಿದ್ರೆ ತೆರೆದಿಡಬಹುದಾದ ಫೈಲ್ ಸಂಖ್ಯೆ 1024 ಮಾತ್ರ ಇದೆ, ಕನಿಷ್ಠ 40000 ಬೇಕು ಅನ್ನೋ ಎಚ್ಚರಿಕೆ ಬರತ್ತೆ, ಪ್ಯಾಕೇಜ್ ಜೊತೆ ಬರೋ ಸಿಸ್ಟಂಡಿ ಫೈಲ್ ಅದನ್ನ ಆಗ್ಲೇ ಸರಿ ಮಾಡಿರತ್ತೆ. ಮೊದಲ ಸಲ ಸ್ಟಾರ್ಟ್ ಮಾಡೋಕೂ ಮುಂಚೆ ನಿಯೋಫೋರ್‌ಜೆ ಅಡ್ಮಿನ್‌ನಿಂದ ಪಾಸ್‌ವರ್ಡ್ ಇಡಿ. ಬ್ರೌಸರ್‌ಗೆ 7474, ಪ್ರೋಗ್ರಾಂಗಳು ಬಳಸೋ ಬೋಲ್ಟ್ ಪ್ರೋಟೊಕಾಲ್‌ಗೆ 7687 ಪೋರ್ಟ್. ಅದು ಸುಮ್ನೆ ಹಾಕಿದಾಗ ಲೋಕಲ್‌ಹೋಸ್ಟ್‌ಗೆ ಮಾತ್ರ ಕೇಳಿಸ್ಕೊಳ್ಳತ್ತೆ, ಹಾಗೇ ಇರ್ಲಿ, ದೂರದಿಂದ ಬೇಕಾದ್ರೆ ಎಸ್‌ಎಸ್‌ಎಚ್ ಟನಲ್ ಮಾಡ್ಕೊಳ್ಳಿ.

ಕಂಟೇನರ್ ದಾರಿನೂ ಇದೆ, ಪೋಡ್‌ಮ್ಯಾನ್ ಡೆಬಿಯನ್ ಫೆಡೋರಾ ಎರಡ್ರಲ್ಲೂ ಸಿಗತ್ತೆ. ಫೆಡೋರಾದಲ್ಲಿ ಡೇಟಾ ಡೈರೆಕ್ಟರಿ ಜೋಡಿಸೋವಾಗ ಕೊನೇಲಿ ಕೋಲನ್ ಮತ್ತೆ ದೊಡ್ಡಕ್ಷರ ಝಡ್ ಹಾಕದಿದ್ರೆ ಎಸ್‌ಇಲಿನಕ್ಸ್ ಬಿಡಲ್ಲ. ಇಮೇಜ್ ಟ್ಯಾಗ್ ಲೇಟೆಸ್ಟ್ ಅಂತ ಇಡ್ಬೇಡಿ, ನಿಖರ ಆವೃತ್ತಿ ಬರೀರಿ, ಒಳಗಿರೋ ಜಾವಾಗೆ ಪ್ಯಾಚ್ ಬಂದಾಗ ಇಮೇಜ್ ಬದಲಾಯ್ಸೋ ಜವಾಬ್ದಾರಿ ನಿಮ್ಮದೇ, ಡಿಸ್ಟ್ರೋ ಅಪ್‌ಡೇಟ್ ಅದನ್ನ ಮುಟ್ಟಲ್ಲ.

ಬೇರೆ ಯಾವ್ದೇ ಹೊಸ ಪ್ರಾಜೆಕ್ಟ್ ಆರಿಸೋಕೂ ಮುಂಚೆ ರೆಪೊಸಿಟರಿಲಿ ಕೊನೇ ಕಮಿಟ್ ಯಾವಾಗ ಅಂತ ನೋಡಿ. ಕುಜು ಅಂತ ಎಂಐಟಿ ಲೈಸೆನ್ಸ್‌ನ ಒಳ್ಳೇ ಎಂಬೆಡೆಡ್ ಗ್ರಾಫ್ ಡೇಟಾಬೇಸ್ ಇತ್ತು, ಪಿಪ್‌ನಿಂದ ಸಲೀಸಾಗಿ ಬರ್ತಿತ್ತು, 2025ರಲ್ಲಿ ಅದನ್ನ ಆರ್ಕೈವ್ ಮಾಡ್ಬಿಟ್ರು. ಕ್ವೆರಿ ಭಾಷೆ ವಿಷಯದಲ್ಲಿ ಮಾತ್ರ ಈಗ ಧೈರ್ಯವಾಗಿ ಕಲೀಬಹುದು, ಜಿಕ್ಯೂಎಲ್ 2024ರ ಏಪ್ರಿಲ್‌ನಲ್ಲಿ ಐಎಸ್‌ಒ ಮಾನದಂಡ ಆಯ್ತು, ಅದು ಸೈಫರ್‌ಗೆ ಬಹಳ ಹತ್ತಿರ ಇದೆ.

ಬ್ಯಾಕಪ್

ಆರಿಸೋವಾಗ್ಲೇ ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ನಿಯೋಫೋರ್‌ಜೆ ಕಮ್ಯುನಿಟಿಲಿ ಡಂಪ್ ತೆಗೆಯೋಕೆ ಡೇಟಾಬೇಸ್ ನಿಲ್ಲಿಸ್ಲೇಬೇಕು, ಓಡ್ತಿರೋವಾಗ್ಲೇ ಬ್ಯಾಕಪ್ ಅನ್ನೋದು ಎಂಟರ್‌ಪ್ರೈಸ್‌ನಲ್ಲಿ ಮಾತ್ರ. ಅಂದ್ರೆ ಸ್ಟಾಪ್, ಡಂಪ್, ಸ್ಟಾರ್ಟ್ ಮಾಡೋ ಒಂದು ಟೈಮರ್ ಬರೆದು, ಬಳಕೆದಾರರು ಇಲ್ದಿರೋ ಹೊತ್ತಲ್ಲಿ ಓಡಿಸ್ಬೇಕು. ಏಜ್ ಆದ್ರೆ ಪಿಜಿ ಡಂಪ್ ನಡೀತಿರೋವಾಗ್ಲೇ ತೆಗೆಯತ್ತೆ, ಆದ್ರೆ ತಿರುಗಿ ಹಾಕೋ ಮಷೀನ್‌ನಲ್ಲಿ ಏಜ್ ಪ್ಯಾಕೇಜ್ ಮೊದಲೇ ಇರ್ಬೇಕು, ಪೋಸ್ಟ್‌ಗ್ರೆಸ್‌ನ ಪ್ರತಿ ದೊಡ್ಡ ಆವೃತ್ತಿಗೂ ಏಜ್ ಪ್ಯಾಕೇಜ್ ಬೇರೆ. ಓಕ್ಯೂಗ್ರಾಫ್‌ನಲ್ಲಿ ಡೇಟಾ ಇರೋದು ಮಾಮೂಲಿ ಟೇಬಲ್‌ನಲ್ಲೇ ಆದ್ರಿಂದ ಆ ಟೇಬಲ್ ಉಳಿದ್ರೆ ಗ್ರಾಫ್ ಉಳಿದ ಹಾಗೇ. ಯಾವ್ದೇ ಆಗ್ಲಿ ಬ್ಯಾಕಪ್‌ನ ಬೇರೆ ಮಷೀನ್‌ನಲ್ಲಿ ಒಂದ್ಸಲ ತಿರುಗಿ ಹಾಕಿ, ನೋಡ್ ಎಷ್ಟು ಎಡ್ಜ್ ಎಷ್ಟು ಅಂತ ಎರಡೂ ಕಡೆ ಎಣಿಸಿ ಹೋಲಿಸಿ, ನೋಡ್ ಸಂಖ್ಯೆ ಸರಿಯಿದ್ದು ಎಡ್ಜ್ ಸಂಖ್ಯೆ ಕಮ್ಮಿ ಬಂದ್ರೆ ಡಂಪ್ ಅರ್ಧಕ್ಕೇ ನಿಂತಿರಬಹುದು, ಲಾಗ್ ತೆಗೆದು ನೋಡಿ ಇನ್ನೊಂದ್ಸಲ ತೆಗೀರಿ.